ಹನ್ನೊಂದು ಕೆಂಪು ಚಿಂದಿ

ಆಗೆಲ್ಲ ಸೀತನಿ ತಿನ್ನಲು ಯಾರೂ ಮೊದಲೇ ಫೋನು ಮಾಡಿ ಜಾಗ ಹಿಡಿದಿಡುತ್ತಿರಲಿಲ್ಲ. ಸಂಕ್ರಾಂತಿ ಮುಗಿದು, ಬೆಳಗಿನ ಥಂಡಿಗೆ ತುಟಿ ಒಡೆಯುವ ದಿನಗಳಲ್ಲಿ ಜೈನಾಪುರದ ಮಲ್ಲಪ್ಪ ಕಾಕಾ ಏನೋ ಕೆಲಸಕ್ಕೆಂದು ವಿಜಯಪುರಕ್ಕೆ ಬರುತ್ತಿದ್ದರು. ಗಾಂಧಿ ಚೌಕದ ನಮ್ಮ ಬಾಂಡೆ ಅಂಗಡಿಯ ಕಟ್ಟೆಯ ಮೇಲೆ ಕೂತು, ಬಸಿಯಲ್ಲಿ ಚಹಾ ಸುರಿದು ಕುಡಿದು, ಏಳುವಾಗ ಅಪ್ಪನಿಗೆ ಹೇಳುತ್ತಿದ್ದರು: “ಸಾವ್ಕಾರ್ರ, ತೆನಿ ಸೀತನಿಗೆ ಬಂದಾವ್ರಿ. ಐತಾರ ಎಲ್ಲಾರೂ ಹೊಲಕ್ಕ ಬಂದ ಬಿಡ್ರಿ.” ಕರೆಯುವುದು ಅಂದರೆ ಅಷ್ಟೇ. ಕಾಕಾನ ಮನೆಯ ಮದುವೆಗಳಿಗೆಲ್ಲ ಕೊಡ, ಹಂಡೆ, ತಾಟುಗಳು ಹೋಗಿದ್ದು ನಮ್ಮ ಅಂಗಡಿಯಿಂದ. ನಮ್ಮ ನಂಟೂ ಅಷ್ಟೇ, ಆದರೆ ಆ ಒಂದು ರವಿವಾರದ ಮಟ್ಟಿಗೆ ನಾವು ಆ ಮನೆಯ ಬೀಗರು.

ಸೀತನಿ ಎಂದರೆ ಎಳೆ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು ಬಿಡಿಸಿದ ಕಾಳು. ಅದರ ಬಗ್ಗೆ ನಾನು ಒಂದು ತಾಸು ನಿಲ್ಲದೆ ಮಾತಾಡಬಲ್ಲೆ. ನಾನು ಕಲಿಸುವ ಶಾಲೆಯಲ್ಲಿ ಜನವರಿ ಬಂತೆಂದರೆ ಊಟದ ಹೊತ್ತಿಗೆ ಯಾರಾದರೂ “ಟೀಚರ್, ನಿಮ್ಮ ಸೀತನಿ ಕಥಿ ಹೇಳ್ರಿ” ಎಂದು ಎಳೆಯುತ್ತಾರೆ. ನಾನೂ ಬಾಯಲ್ಲಿ ನೀರೂರುವ ಹಾಗೆ ಹೇಳುತ್ತೇನೆ. ಆದರೆ ಪ್ರತಿ ಸಲವೂ ಒಂದು ಸಾಲನ್ನು ದಾಟಿಕೊಂಡು ಹೋಗುತ್ತೇನೆ. ಕೇಳುವವರಿಗೆ ಗೊತ್ತಾಗುವುದಿಲ್ಲ, ನನಗೆ ಗೊತ್ತಾಗುತ್ತದೆ. ಹೇಳಲು ನಾಚಿಕೆಯಾಗುತ್ತದೆ, ಆದರೂ ಇವತ್ತು ಆ ಸಾಲನ್ನೂ ಬರೆಯುತ್ತೇನೆ.

ನನಗಾಗ ಒಂಬತ್ತು ವರ್ಷ. ನಾಲ್ಕನೇ ಇಯತ್ತೆ. ಅಪ್ಪ, ಅವ್ವ, ಅಣ್ಣ ಸುರೇಶ ಮತ್ತು ನಾನು ಬಾಡಿಗೆ ಟಂಟಂನಲ್ಲಿ ಬಬಲೇಶ್ವರದ ದಾರಿ ಹಿಡಿದಿದ್ದೆವು. ಅವ್ವನ ತೊಡೆಯ ಮೇಲೆ ಒಂದು ಗಂಟು. ಅದರಲ್ಲಿ ಬೂಂದಿ ಲಾಡು, ಜೊತೆಗೆ ನಮ್ಮ ಹಳೆಯ ಅರಿವೆ. ಪ್ರತಿ ವರ್ಷ ನಮಗೆ ಗಿಡ್ಡಾದ ಬಟ್ಟೆಗಳನ್ನು ಅವ್ವ ಒಗೆದು ಮಡಿಸಿ ಕಾಕಾನ ಮಗಳು ಮಾದೇವಿಗೆ ಒಯ್ಯುತ್ತಿದ್ದಳು. ಮಾದೇವಿ ನನ್ನ ವಾರಿಗೆಯವಳೇ, ಆದರೆ ನನಗಿಂತ ಸಣಕಲು. ಹಿಂದಿನ ವರ್ಷದ ಗಂಟಿನಲ್ಲಿ ನನ್ನ ಕೆಂಪು ಫ್ರಾಕು ಹೋಗಿತ್ತು. ಬಿಳಿ ಚುಕ್ಕಿಯ, ಸೊಂಟದ ಹಿಂದೆ ದೊಡ್ಡ ಗಂಟು ಬರುವ ಫ್ರಾಕು. ಗೋಳಗುಮ್ಮಟದ ಮುಂದೆ ಅದನ್ನು ಹಾಕಿಕೊಂಡು ನಿಂತ ನನ್ನ ಫೋಟೋ ಇವತ್ತಿಗೂ ಅವ್ವನ ಗೋಡೆಯ ಮೇಲಿದೆ. ಟಂಟಂನಲ್ಲಿ ಕೂತಾಗಿನಿಂದ ನನಗೆ ಒಂದೇ ಯೋಚನೆ: ಮಾದೇವಿ ಇವತ್ತು ಆ ಫ್ರಾಕು ಹಾಕಿಕೊಂಡಿರುತ್ತಾಳೆ, ಎಲ್ಲರೂ “ಇದು ಶಶಿದಲ್ಲೇನ?” ಎಂದು ಕೇಳುತ್ತಾರೆ, ನಾನು ದೊಡ್ಡ ಮನಸ್ಸಿನವಳಂತೆ ಸುಮ್ಮನೆ ನಗುತ್ತೇನೆ. ಕೊಡುವವರಿಗೂ ಒಂದು ರೋಗವಿರುತ್ತದೆ. ಕೊಟ್ಟದ್ದು ಎದುರಿಗೆ ಮೆರೆಯಬೇಕು ಎಂಬ ರೋಗ. ನನಗದು ಒಂಬತ್ತಕ್ಕೇ ಬಂದಿತ್ತು.

ಮಾದೇವಿ ಹಳದಿ ಲಂಗ ಹಾಕಿಕೊಂಡು ಓಡಿ ಬಂದಳು.

ಹೊಲ ಎಂದರೆ ಅದು ಹೊಲ. ಕಾಲಿಟ್ಟರೆ ಎರೆಮಣ್ಣಿನ ಬಿರುಕಿನೊಳಗೆ ಚಪ್ಪಲಿ ಸಿಕ್ಕಿಕೊಳ್ಳುತ್ತಿತ್ತು. ಬದುವಿಗೆ ಮುಳ್ಳಿನ ಕುಸುಬೆ, ಅದರಾಚೆ ಕಡಲೆ, ಅದರಾಚೆ ನಮ್ಮಪ್ಪನನ್ನೂ ಮುಚ್ಚುವಷ್ಟು ಎತ್ತರದ ಬಿಳಿಜೋಳ. ಕಡಲೆ ಗಿಡದ ಇಬ್ಬನಿ ಕೈಗೆ ತಾಗಿ, ಆಮೇಲೆ ಆ ಕೈಯನ್ನು ನೆಕ್ಕಿದರೆ ಹುಳಿ. ಬಿಳಿಜೋಳದ ಮಗ್ಗುಲಿಗೆ, ಬಾವಿಯ ಹತ್ತಿರ, ಬೇರೆಯದೇ ಜೋಳದ ನಾಲ್ಕು ಸಾಲು. ಅದು ರೊಟ್ಟಿಗಲ್ಲ, ಸೀತನಿಗೆಂದೇ ಹಾಕಿದ್ದು. ಮಲ್ಲಪ್ಪ ಕಾಕಾನ ತಾಯಿ, ನಾವೆಲ್ಲ ಆಯಿ ಎನ್ನುತ್ತಿದ್ದ ಮುದುಕಿ, ಮದುವೆಯಾಗಿ ಬರುವಾಗ ತವರಿನಿಂದ ಉಡಿಯಲ್ಲಿ ಕಟ್ಟಿಕೊಂಡು ಬಂದಿದ್ದ ಬೀಜ. ಸುಟ್ಟರೆ ಸಕ್ಕರೆ ಬೆರೆಸಿದಂತೆ ಸಿಹಿ. ಸುತ್ತಲಿನ ಹೊಲಗಳಲ್ಲಿ ಎಲ್ಲಿಯೂ ಅದು ಉಳಿದಿರಲಿಲ್ಲ. ಆಯಿಯ ತವರಿನವರೂ ಬಿಟ್ಟುಬಿಟ್ಟಿದ್ದರು.

ಆ ನಾಲ್ಕು ಸಾಲಿಗೆ ಒಂದು ಕಟ್ಟಳೆ ಇತ್ತು. ತೆನೆ ಕಾಳುಕಟ್ಟುವಾಗಲೇ ಆಯಿ ಸಾಲು ಸಾಲು ತಿರುಗಿ, ದಪ್ಪ ಕಾಳಿನ, ಒತ್ತೊತ್ತಾದ ತೆನೆಗಳನ್ನು ಆರಿಸಿ, ಅವುಗಳ ಕುತ್ತಿಗೆಗೆ ಒಂದೊಂದು ಚಿಂದಿ ಕಟ್ಟುತ್ತಿದ್ದಳು. ಚಿಂದಿ ಕಟ್ಟಿದ್ದು ಬೀಜದ ತೆನೆ. ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ಅದು ಗಿಡದ ಮೇಲೇ ಬಲಿತು ಒಣಗಿ, ಮುಂದಿನ ವರ್ಷದ ಬಿತ್ತನೆಗೆ ಆಯಿಯ ಗಡಿಗೆ ಸೇರಬೇಕು. ಉಳಿದದ್ದನ್ನು ಬಂದವರೆಲ್ಲ ಸುಟ್ಟು ತಿನ್ನಬಹುದು. ಪ್ರತಿ ಹಂಗಾಮಿನಲ್ಲಿ ಕಡೆಯ ಪಾಳಿ ನಮ್ಮದು, ಹಾಗಾಗಿ ನಾವು ಬಂದ ದಿನ ಚಿಂದಿಯ ತೆನೆ ಬಿಟ್ಟು ಉಳಿದದ್ದನ್ನೆಲ್ಲ ಮುರಿದು ಸಾಲು ಬರಿದು ಮಾಡುತ್ತಿದ್ದರು.

“ಈ ಸಲ ಚಿಂದಿ ನಾ ಕಟ್ಟೇನಿ!” ಮಾದೇವಿ ನನ್ನ ಕೈ ಹಿಡಿದು ದರದರ ಎಳೆದುಕೊಂಡು ಹೋದಳು. “ಆಯಿಗೆ ಕಣ್ಣು ಕಾಣವಲ್ವು. ತೆನಿ ಆಕಿ ಮುಟ್ಟಿ ನೋಡಿ ಹೇಳಿದ್ಲು, ಗಂಟು ಎಲ್ಲಾ ನಂದ. ಇನ್ನ ಮ್ಯಾಲೆ ಬೀಜದ ಗಡಗಿ ನನ್ನ ಕೈಯಾಗ ಕೊಡ್ತಾಳಂತ.”

ಕಡೆಯ ಸಾಲಿನ ತುದಿಯಲ್ಲಿ ಹನ್ನೊಂದು ತೆನೆ. ಒಂದೊಂದರ ಕುತ್ತಿಗೆಗೂ ಕೆಂಪು ಪಟ್ಟಿ, ಅದರ ಮೇಲೆ ಬಿಳಿ ಚುಕ್ಕಿ.

“ಇದು ನನ್ನ ಫ್ರಾಕು,” ಎಂದೆ.

“ಹೂಂ. ನಿಂದ.” ಅವಳ ಮುಖ ಅರಳಿತ್ತು. “ಮನ್ಯಾಗ ಇದಕ್ಕಿಂತ ಚೊಲೋ ಅರಿವಿ ಇರಲೇ ಇಲ್ಲ ಬೇ. ಬೀಜಕ್ಕ ಹಳೇ ಧೋತರದ ಚಿಂದಿ ಯಾಕ, ಇದನ್ನ ಕಟ್ಟೂಣು ಅಂದೆ. ದೂರಿಂದ ಹೆಂಗ ಕಾಣಸ್ತಾವ ನೋಡು!”

ಅವಳು ಹೇಳಿದ ಮಾತು ಇವತ್ತು ನನಗೆ ಪೂರ್ತಿ ಕೇಳಿಸುತ್ತದೆ. ಮನೆಯಲ್ಲಿದ್ದ ಎಲ್ಲಕ್ಕಿಂತ ಒಳ್ಳೆಯ ಅರಿವೆಯನ್ನು ಎಲ್ಲಕ್ಕಿಂತ ದೊಡ್ಡ ಕೆಲಸಕ್ಕೆ ಬಳಸಿದ್ದಳು. ಆವತ್ತು ನನಗೆ ಕೇಳಿಸಿದ್ದು ಒಂದೇ: ನನ್ನ ಫ್ರಾಕನ್ನು ಹರಿದು ಚಿಂದಿ ಮಾಡಿದ್ದಾಳೆ. ನನ್ನ ಕಿವಿ ಬಿಸಿಯಾದವು. ಮೂಗಿನ ತುದಿಯಲ್ಲಿ ಸಿಟ್ಟಿದ್ದವರು ಕೂಗಾಡಿ ತಣ್ಣಗಾಗುತ್ತಾರೆ, ನನ್ನದು ಒಳಗೇ ಕುದಿಯುವ ಜಾತಿ.

ಅಷ್ಟರಲ್ಲಿ ಗುಡಿಸಲ ಕಡೆಯಿಂದ ಮಾದೇವಿಯ ಅವ್ವ ಕೂಗಿದಳು, “ಏ ಮಾದೇವಿ, ಮೊಸರಿನ ಗಡಗಿ ತಗೊಂಡ ಬಾ ಬೇ!” ಅವಳು ಓಡಿದಳು. ಅಣ್ಣ ಮೊದಲ ಸಾಲಿನಲ್ಲಿ ತೆನೆ ಮುರಿದು ಬುಟ್ಟಿಗೆ ಹಾಕುತ್ತಿದ್ದ. ಕಡೆಯ ಸಾಲಿನಲ್ಲಿ ನಾನೊಬ್ಬಳೇ.

ಮೊದಲ ಗಂಟು ಬಿಚ್ಚಲು ಉಗುರಿನಿಂದ ಆಗಲಿಲ್ಲ. ದಂಟು ಬಗ್ಗಿಸಿಕೊಂಡು ಹಲ್ಲಿನಿಂದ ಕಚ್ಚಿ ಎಳೆದೆ. ಬಾಯಿಗೆ ಜೋಳದ ಧೂಳು ಬಂತು. ಚಿಂದಿಯನ್ನು ನಾನು ಹಾಕಿಕೊಂಡಿದ್ದ ಫ್ರಾಕಿನ ಕಿಸೆಗೆ ತುರುಕಿ ತೆನೆಯನ್ನು ಲಟಕ್ಕನೆ ಮುರಿದೆ. ಒಂದು ಮುರಿದ ಮೇಲೆ ಸಾಕು ಅನ್ನಿಸಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಎರಡನೆಯದು ಕೈಯಳತೆಯಲ್ಲೇ ಇತ್ತು. ಹನ್ನೊಂದನ್ನೂ ಬಿಚ್ಚಿ, ಮುರಿದು, ಅಣ್ಣನ ಬುಟ್ಟಿಯ ತಳಕ್ಕೆ ಸೇರಿಸಿ, ಮೇಲೆ ಅವನ ತೆನೆಗಳನ್ನು ಹರಡಿದೆ. ಇಷ್ಟು ಮಾಡಲು ಬುದ್ಧಿ ಬೇಕು. ಆ ಬುದ್ಧಿ ನನಗಿತ್ತು.

ಬದುವಿನ ಪಕ್ಕದ ಕುಣಿಯಲ್ಲಿ ಸಗಣಿಯ ಕುಳ್ಳು ಉರಿದು ಕೆಂಡವಾಗಿದ್ದವು. ಕಾಕಾ ತೆನೆಗಳನ್ನು ಕೆಂಡದಲ್ಲಿ ಹೂತು, ತಿರುವಿ ತೆಗೆದು, ಕಂಬಳಿಯ ಮೇಲೆ ಬಡಿಯುತ್ತಿದ್ದರು. ಕಾಳು ಉದುರುತ್ತಿದ್ದವು, ಹಸಿರು, ಬಿಸಿ, ಮೇಲೆ ಒಂಚೂರು ಸುಟ್ಟ ಕಪ್ಪು. ಮೊರದಲ್ಲಿ ಕೇರಿ ಎಲ್ಲರ ಬೊಗಸೆಗೆ ಹಾಕಿದರು. ಶೇಂಗಾ ಹಿಂಡಿ, ಬೆಳ್ಳುಳ್ಳಿ ಖಾರ, ಗಟ್ಟಿ ಮೊಸರು, ಬೆಲ್ಲ. ಅಪ್ಪ ಒಂದು ಮುಕ್ಕು ಮುಕ್ಕಿ ಕಣ್ಣು ಮುಚ್ಚಿದ. “ಮಲ್ಲಪ್ಪ, ಖರೇ ಹೇಳ್ತೀನಿ, ಇಷ್ಟ್ ವರ್ಷದಾಗ ಇಂಥಾ ಸೀತನಿ ತಿಂದಿಲ್ಲ.” ನಿಜವೇ ಅದು. ನಾನೂ ತಿಂದೆ. ಅಷ್ಟು ರುಚಿಯಾದದ್ದನ್ನು ಅದಕ್ಕಿಂತ ಮೊದಲು ತಿಂದಿರಲಿಲ್ಲ, ಆಮೇಲಂತೂ ಇಲ್ಲವೇ ಇಲ್ಲ.

ಆಯಿಗೆ ಹಲ್ಲಿರಲಿಲ್ಲ. ಆದರೂ ಕೈಯಲ್ಲಿ ನಾಲ್ಕು ಕಾಳು ತಗೊಂಡು ಹೆಬ್ಬೆರಳಿನಿಂದ ಉರುಳಿಸುತ್ತ ಕೂತಿದ್ದಳು. ಉರುಳಿಸುವುದು ನಿಂತಿತು. ಇನ್ನೂ ನಾಲ್ಕು ತಗೊಂಡಳು. “ಕಾಳು ದಪ್ಪ ಐತೆಲಾ,” ಎಂದಳು ತನಗೆ ತಾನೇ. ಎದ್ದು ಕೋಲು ಊರಿಕೊಂಡು ಕಡೆಯ ಸಾಲಿನ ಕಡೆ ನಡೆದಳು.

ಸ್ವಲ್ಪ ಹೊತ್ತಿಗೆ ಅಲ್ಲಿಂದ ಕೂಗು ಬಂತು. ಬೈಗುಳದ ಕೂಗಲ್ಲ. “ಯಪ್ಪಾ ಮಲ್ಲಪ್ಪಾ, ಒಂದೂ ಇಲ್ಲೋ!”

ಎಲ್ಲರೂ ಓಡಿದೆವು. ಆಯಿ ತಲೆಯಿಲ್ಲದ ದಂಟುಗಳನ್ನು ಒಂದೊಂದಾಗಿ ಮೇಲಿನಿಂದ ಕೆಳಗೆ ತಡವುತ್ತಿದ್ದಳು.

“ಮಾದೇವಿ, ಚಿಂದಿ ಕಟ್ಟಿದ್ದಿ ಇಲ್ಲೊ?”

“ಕಟ್ಟೇನಿ ಆಯಿ. ಹನ್ನೊಂದಕ್ಕೂ ಕಟ್ಟೇನಿ.”

“ಹಂಗಾರ ಚಿಂದಿ ಎಲ್ಲಿ ಅದಾವ? ತೆನಿ ಮುರದ್ರ ಚಿಂದಿಯರ ಬೀಳಬೇಕಲ್ಲ? ಒಂದರೆ ತೋರಸು.”

ಮಾದೇವಿ ನೆಲದ ಮೇಲೆ ಮೊಣಕಾಲೂರಿ ಬಿರುಕುಗಳಲ್ಲಿ ಬೆರಳು ಹಾಕಿ ಹುಡುಕಿದಳು. ಅಣ್ಣನನ್ನು ಕೇಳಿದರು. “ನಾ ಚಿಂದಿ ನೋಡೇ ಇಲ್ರಿ,” ಎಂದ. ಅವನು ನಿಜವನ್ನೇ ಹೇಳಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಕಿಸೆ ಮುಟ್ಟಿ ನೋಡಿಕೊಂಡೆ. ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ, ಮಾದೇವಿಯೊಬ್ಬಳನ್ನು ಬಿಟ್ಟು.

“ಶಶಿ ನೋಡ್ಯಾಳ!” ಅವಳ ದನಿಯಲ್ಲಿ ಜೀವ ಬಂದಿತ್ತು. “ಮುಂಜಾನೆ ಆಕಿಗೆ ತೋರಿಸೇನಿ. ಆಕಿನ್ನ ಕೇಳ್ರಿ. ಹೇಳ ಶಶಿ, ಕೆಂಪು ಚಿಂದಿ ಇದ್ದೂವಿಲ್ಲೊ?”

ಎಲ್ಲರೂ ತಿರುಗಿದರು. ಆಯಿ ಮಂಜುಗಣ್ಣನ್ನು ನನ್ನ ಕಡೆ ಮಾಡಿ, ಬಂದ ಬೀಗರ ಕೂಸಿನ ಜೊತೆ ಮಾತಾಡುವ ಮೆತ್ತನೆಯ ದನಿಯಲ್ಲಿ ಕೇಳಿದಳು, “ಹೌದೇನ ತಂಗಿ? ನೀ ನೋಡಿದ್ದೇನ?”

“ಇಲ್ಲ,” ಎಂದೆ. “ಈಕಿ ನನಗ ಸಾಲು ತೋರಿಸಿದ್ಲು. ಚಿಂದಿ ಇರಲಿಲ್ಲ.”

ಅಷ್ಟು ಹೇಳುವಾಗ ನಾನು ತಡವರಿಸಲೂ ಇಲ್ಲ.

ಮಾದೇವಿ ಅಳಲಿಲ್ಲ, ನನ್ನ ಮೇಲೆ ಬೀಳಲಿಲ್ಲ. ಬಾಯಿ ತೆರೆದು ನನ್ನನ್ನೇ ನೋಡಿದಳು, ಆಮೇಲೆ ದಂಟುಗಳನ್ನು ನೋಡಿದಳು, ಆಮೇಲೆ ತನ್ನ ಎರಡೂ ಅಂಗೈಗಳನ್ನು. ಕಾಕಾ ಕೈ ಎತ್ತಿದರು, ಅಪ್ಪ ತಡೆದ. ಆಯಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ತಪ್ಪು ನಂದ,” ಎಂದಳು. “ಈಕಿ ಕೈಯಾಗ ಬೀಜದ ಕೆಲಸ ಕೊಡಬಾರದಾಗಿತ್ತು.”

ಹೊರಡುವಾಗ ಆ ಮುದುಕಿ ಬೀಗರನ್ನು ಬರಿಗೈಯಲ್ಲಿ ಕಳಿಸಬಾರದೆಂದು ಉಳಿದ ಸೀತನಿಯನ್ನು ಒಂದು ಬಟ್ಟೆಯಲ್ಲಿ ಕಟ್ಟಿ ನನ್ನ ಕೈಗೇ ಕೊಟ್ಟಳು. “ತಗೋ ತಂಗಿ, ನಾಳೆ ಸಾಲ್ಯಾಗ ತಿನ್ನು.” ಗಂಟು ಇನ್ನೂ ಬೆಚ್ಚಗಿತ್ತು. ಟಂಟಂ ಡಾಂಬರು ರಸ್ತೆಗೆ ಬಂದಮೇಲೆ ಅವ್ವ ನನ್ನ ತಲೆ ಸವರಿ, “ನೋಡಿದಿಲ್ಲೊ ಶಶಿ, ಕೆಲಸಾ ಬಿಟ್ಟು ಸುಳ್ಳ ಹೇಳಿದ್ರ ಹಿಂಗ ಆಗತೈತಿ. ಮಾದೇವಿಗತೆ ಮಾಡಬ್ಯಾಡ,” ಎಂದಳು. ನಾನು ಹೂಂ ಎಂದೆ.

ಮರುದಿನ ಒಂದು ಕೆಲಸ ಮಾಡಿದೆ. ಮಾಳಿಗೆಯ ಮೇಲೆ ತೂತುಬಿದ್ದ ಎಣ್ಣೆ ಡಬ್ಬಿಯೊಂದಿತ್ತು. ಅದರ ತಳಕ್ಕೆ ಹನ್ನೊಂದೂ ಚಿಂದಿ ಹಾಕಿ, ಮೇಲೆ ಮಣ್ಣು ತುಂಬಿ, ಆಯಿ ಕೊಟ್ಟ ಸೀತನಿಯ ಕಾಳುಗಳನ್ನು ಸಾಲಾಗಿ ಊರಿದೆ. ದಿನಾ ಶಾಲೆಗೆ ಹೋಗುವ ಮೊದಲು ಒಂದು ಚರಿಗೆ ನೀರು. ಬೆಳೆದ ಮೇಲೆ ಆಯಿಗೆ ಒಯ್ದು ಕೊಡುವುದು, ಹೇಗೆ ಬಂತು ಎಂದು ಕೇಳಿದರೆ ಏನೋ ಒಂದು ಹೇಳುವುದು. ಒಂದು ತಿಂಗಳು ನೀರು ಹಾಕಿದೆ. ಕೆಂಡದಲ್ಲಿ ಸುಟ್ಟ ಕಾಳು ಹುಟ್ಟುವುದಿಲ್ಲ ಎಂಬುದು ಬಾಂಡೆ ಮಾರುವವರ ಮಗಳಿಗೆ ಯಾರು ಹೇಳಬೇಕು? ಅಣ್ಣ ನೋಡಿ, “ಏನ್ ಹಚ್ಚೀಯಲೇ ಹುಚ್ಚಿ?” ಎಂದು ಕೇಳಿದ. ಏನೂ ಇಲ್ಲ ಎಂದೆ.

ಮುಂದಿನ ಜನವರಿಯಲ್ಲಿ ಕಾಕಾ ಮತ್ತೆ ಬಂದರು, ಮತ್ತೆ ಕರೆದರು. ಹಿಂದಿನ ವರ್ಷದ ಬೀಜವನ್ನೆಲ್ಲ ಬಿತ್ತಿ ಮುಗಿಸಿದ್ದರಿಂದ ಗಡಿಗೆಯಲ್ಲಿ ಏನೂ ಉಳಿದಿರಲಿಲ್ಲವಂತೆ. ಬಬಲೇಶ್ವರದಲ್ಲಿ ಯಾರದೋ ಹತ್ತಿರ ಬೇರೆ ಬೀಜ ತಂದು ಹಾಕಿದ್ದರು. ನಾನು ಹೊಟ್ಟೆನೋವೆಂದು ಮಲಗಿದೆ. ಹೋಗಿ ಬಂದ ಅಪ್ಪ, “ಸಪ್ಪಗಿದ್ದೂವು,” ಎಂದ. ಅದರ ಮುಂದಿನ ವರ್ಷ ಪರೀಕ್ಷೆ ಎಂದೆ. ಆಮೇಲೆ ಆ ಕಡೆ ನೀರಾವರಿ ಬಂತು, ಕಾಕಾ ಕಬ್ಬು ಹಚ್ಚಿದರು, ಸೀತನಿಯ ಕರೆಯೂ ನಿಂತಿತು. ಹೋಗದಿರಲು ನೆವ ಹುಡುಕುವ ಕಷ್ಟ ತಪ್ಪಿತು ಎಂದು ನನಗೆ ಸಮಾಧಾನವಾಯಿತು. ಇದನ್ನೂ ಮುಚ್ಚಿಡುವುದಿಲ್ಲ.

ಮಾದೇವಿಯನ್ನು ತಿಕೋಟಾಕ್ಕೆ ಕೊಟ್ಟರು. ಅವಳದೀಗ ದ್ರಾಕ್ಷಿ ತೋಟ. ರವಿವಾರ ವಿಜಯಪುರದ ಮಂದಿ ಮಕ್ಕಳು ಮರಿ ಕಟ್ಟಿಕೊಂಡು ಹೋಗಿ, ತೋಟ ತಿರುಗಿ, ಬಳ್ಳಿಯಿಂದಲೇ ಹಣ್ಣು ತಿಂದು, ಒಣದ್ರಾಕ್ಷಿ ಒಯ್ಯುತ್ತಾರೆ. ಅವ್ವ ಎಷ್ಟೋ ಸಲ ಹೇಳಿದ್ದಳು, “ನಮ್ಮ ಮಾದೇವಿದ ತ್ವಾಟ ಐತಿ, ಹೋಗಿ ಬರ್ರಿ.” ದ್ರಾಕ್ಷಿಗೆ ಔಷಧಿ ಹೊಡೆದಿರುತ್ತಾರೆ ಎಂದು ನಾನು ತಪ್ಪಿಸಿಕೊಳ್ಳುತ್ತಿದ್ದೆ. ಪೇಟೆಯಲ್ಲಿ ಅದೇ ದ್ರಾಕ್ಷಿಯನ್ನು ಕೊಂಡು ತಿನ್ನುತ್ತಿದ್ದೆ. ಈ ವರ್ಷ ಮಗಳು ಹಟ ಹಿಡಿದಳು. ಮೊನ್ನೆ ಫೆಬ್ರುವರಿಯಲ್ಲಿ ಹೋದೆವು.

“ಶಶಿ ಬಂದಿ! ಎಷ್ಟ್ ವರ್ಷ ಆತ ಬೇ!” ಮಾದೇವಿ ಓಡಿ ಬಂದು ಕೈ ಹಿಡಿದಳು. ಓಟ ಮಾತ್ರ ಅದೇ ಹಳದಿ ಲಂಗದ ಹುಡುಗಿಯದು. ನನ್ನ ಮಗಳ ಉಡಿಗೆ ದ್ರಾಕ್ಷಿ ಗೊನೆ ಹಾಕಿದಳು. ನನ್ನ ಗಂಡ ಮತ್ತು ಮಗಳು ಒಣದ್ರಾಕ್ಷಿಯ ಶೆಡ್ಡು ನೋಡಲು ಹೋದರು. ನಾವಿಬ್ಬರೂ ಚಪ್ಪರದ ಕೆಳಗೆ ನಡೆದೆವು. ಮಾತಾಡುತ್ತಲೇ ಅವಳು ಜೋತುಬಿದ್ದ ಕಡ್ಡಿಗಳನ್ನು ತಂತಿಗೆ ಸುತಳಿಯಿಂದ ಕಟ್ಟುತ್ತಿದ್ದಳು. ಕಟ್ಟಿ, ಜಗ್ಗಿ ನೋಡಿ, ಮುಂದೆ ಹೋಗಿ, ಎರಡು ಹೆಜ್ಜೆಗೆ ನಿಂತು, ತಿರುಗಿ ಬಂದು ಅದೇ ಗಂಟನ್ನು ಮತ್ತೆ ಜಗ್ಗುವಳು. ಪ್ರತಿ ಗಂಟಿಗೂ ಹಾಗೇ.

“ಎರಡೆರಡ ಸಲ ಯಾಕ ನೋಡ್ತಿ?” ಎಂದು ಕೇಳಿದೆ. ಸುಮ್ಮನೆ ಕೇಳಿದ್ದು.

ಅವಳು ನಕ್ಕಳು. “ನನ್ನ ಕೈ ಮ್ಯಾಲೆ ನನಗ ಭರೋಸಾ ಇಲ್ಲ ಬೇ. ಮನ್ಯಾಗೂ ಎಲ್ಲಾರೂ ನಗತಾರ. ಬಾಗಲಾ ಹಾಕಿ ಬಂದ್ರೂ ತಿರುಗಿ ಹೋಗಿ ನೋಡ್ತೀನಿ. ಸಣ್ಣಾಕಿದ್ದಾಗ ನೆನಪೈತಿ ನಿನಗ? ಆಯಿ ಬೀಜದ ತೆನಿಗೆ ಚಿಂದಿ ಕಟ್ಟು ಅಂದಿದ್ಲು. ಕಟ್ಟೇನಿ ಅಂತ ನಾ ದೇವರಾಣಿ ತಿಳ್ಕೊಂಡಿದ್ದೆ. ನಿನಗ ತೋರಿಸಿದಂಗೂ ನೆನಪು. ನೋಡಿದ್ರ ಕಟ್ಟಿರಲೇ ಇಲ್ಲ. ಕನಸ ಬಿದ್ದಿತ್ತೋ ಏನೋ! ಅವತ್ತಿಂದ ಹಿಂಗ.”

ಅವಳು ನನ್ನನ್ನು ಚುಚ್ಚಲು ಹೇಳಿದ್ದಲ್ಲ. ಅದನ್ನೇ ಹೇಳಬೇಕು. ನಾನು ಸುಳ್ಳು ಹೇಳಿದೆ ಎಂದು ಅವಳು ಒಂದು ದಿನವೂ ಅಂದುಕೊಂಡಿರಲಿಲ್ಲ. ಗಾಂಧಿ ಚೌಕದಿಂದ ಬಂದ ಸಾವ್ಕಾರರ ಮಗಳು ಇಲ್ಲ ಎಂದಳಲ್ಲ, ಹಾಗಾದರೆ ತನ್ನ ಕಣ್ಣು ತನ್ನ ಕೈಯೇ ಸುಳ್ಳಿರಬೇಕು ಎಂದು ಒಂಬತ್ತು ವರ್ಷದ ಹುಡುಗಿ ತೀರ್ಮಾನಿಸಿದ್ದಳು. ಅದನ್ನೇ ನಂಬಿಕೊಂಡು ದೊಡ್ಡವಳಾಗಿದ್ದಳು.

“ಚಿಂದಿ ನಾ ಬಿಚ್ಚಿದ್ದೆ, ಮಾದೇವಿ,” ಎಂದೆ. “ಫ್ರಾಕು ಹರದೀ ಅಂತ ಸಿಟ್ಟಿಗೆ. ತೆನಿ ನಾನ ಮುರದೆ. ಚಿಂದಿ ನನ್ನ ಕಿಸೆದಾಗ ಇದ್ದೂವು, ಆಯಿ ಕೇಳೋ ಮುಂದನೂ.”

ಅವಳ ಕೈಯಲ್ಲಿ ಸುತಳಿಯ ಉಂಡೆ ಇತ್ತು. ಅದರ ಎಳೆಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಬೈಗುಳಕ್ಕೆ ನಾನು ತಯಾರಾಗಿದ್ದೆ, ಬೇಕೂ ಆಗಿತ್ತು.

“ಹಂಗಾರ ನಾ ಕಟ್ಟಿದ್ದೆ?” ಎಂದಳು.

“ಕಟ್ಟಿದ್ದಿ.”

“ಹನ್ನೊಂದೂ?”

“ಹನ್ನೊಂದೂ. ಎಷ್ಟ್ ಬಿಗಿ ಇದ್ದೂವಂದ್ರ, ಹಲ್ಲಿಲೆ ಕಚ್ಚಿ ಬಿಚ್ಚಬೇಕಾತು.”

ಮಾದೇವಿ ಸೆರಗಿನಿಂದ ಮುಖ ಒರೆಸಿಕೊಂಡಳು. “ಆಯಿ ಇದ್ದಾಗ ಹೇಳಬೇಕಾಗಿತ್ತು ನೀ,” ಎಂದಳು ಕೊನೆಗೆ. “ಗಡಗಿ ಆಕಿ ನನಗ ಕೊಡಲೇ ಇಲ್ಲ. ಹೋಗೂತನಕ ಖಾಲಿ ಗಡಗಿ ತಲೆದಿಂಬಿನ ಹತ್ರ ಇಟ್ಕೊಂಡಿದ್ಲು.” ಅಷ್ಟೇ. ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ, ಕೇಳುವ ಮುಖ ನನಗಿರಲಿಲ್ಲ.

ಈಗಲೂ ಜನವರಿಯಲ್ಲಿ ಸೀತನಿ ಸಿಗುತ್ತದೆ. ಊರ ಹೊರಗಿನ ಹೊಲಗಳಲ್ಲಿ ಕುರ್ಚಿ ಹಾಕಿ, ಬುಟ್ಟಿಯಲ್ಲಿ ಕಾಳು, ಬಟ್ಟಲಲ್ಲಿ ಹಿಂಡಿ ಕೊಡುತ್ತಾರೆ. ನನ್ನ ವಾರಿಗೆಯವರು ತಿಂದು, ಮೊದಲಿನ ರುಚಿಯಿಲ್ಲ ಎಂದು ಕಾಲವನ್ನು, ಗೊಬ್ಬರವನ್ನು, ನೀರನ್ನು ದೂರುತ್ತಾರೆ. ನಾನೂ ಅವರ ಜೊತೆ ತಲೆಯಾಡಿಸುತ್ತ ಬಂದಿದ್ದೇನೆ. ಎಲ್ಲ ಹೊಲಗಳ ಮಾತು ನನಗೆ ಗೊತ್ತಿಲ್ಲ. ಜೈನಾಪುರದ ಬಾವಿಯ ಹತ್ತಿರದ ಆ ನಾಲ್ಕು ಸಾಲಿನ ರುಚಿ ಎಲ್ಲಿ ಹೋಯಿತೆಂದು ಕೇಳಿದರೆ, ಹೇಳಬೇಕಾದವಳು ನಾನೇ.

ಆವತ್ತು ತೋಟದಲ್ಲಿ, ಶೆಡ್ಡಿನ ಕಡೆಯಿಂದ ಮಗಳು ನನ್ನನ್ನು ಕೂಗಿದಳು. ಮಾದೇವಿ “ಹೋಗು, ಬಂದೆ,” ಎಂದು ಮತ್ತೊಂದು ಕಡ್ಡಿಯನ್ನು ತಂತಿಗೆತ್ತಿ ಗಂಟು ಹಾಕಿದಳು. ಜಗ್ಗಿ ನೋಡಿದಳು. ಇನ್ನು ಮೇಲಾದರೂ, ಎಂದು ನಾನು ತಿರುಗಿ ನೋಡುತ್ತ ನಿಂತೆ. ಅವಳು ಎರಡು ಹೆಜ್ಜೆ ಮುಂದೆ ಹೋದಳು. ನಿಂತಳು. ತಿರುಗಿ ಬಂದು ಆ ಗಂಟನ್ನು ಮತ್ತೊಮ್ಮೆ ಜಗ್ಗಿ ನೋಡಿದಳು.